ಬಚ್ಚಲ ದಾರಿಯಲ್ಲಿ ಬಂದ ಕಾವೇರಿ

ಬೆಳಗಿನ ಜಾವ ಮೂರೂವರೆಗೆ ಫೋನು ಬಡಿದುಕೊಂಡರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ನನಗೆ ಆ ಭಯ ಹೋಗಿ ವರ್ಷಗಳಾದವು. ಆ ಹೊತ್ತಿನಲ್ಲಿ ಅಮ್ಮ ಮಾಡುವ ಫೋನಿನಲ್ಲಿ ಇರುವುದು ಒಂದೇ ಸುದ್ದಿ: "ನೀರು ಬಿಟ್ಟವ್ರೆ ಕಣೇ."

ನಾನಿರುವುದು ಬೆಂಗಳೂರಿನಲ್ಲಿ. ಅವಳು ಕೋಲಾರ ಜಿಲ್ಲೆಯ ನಮ್ಮ ಪುರಸಭೆ ಊರಿನಲ್ಲಿ. ಎರಡು ಗಂಟೆ ದಾರಿಯಾಚೆ ಮಲಗಿರುವ ಮಗಳು ಆ ನೀರಿಗೆ ಏನು ಮಾಡಿಯಾಳು? ಏನೂ ಇಲ್ಲ. ಆದರೂ ಹೇಳಬೇಕು. ಹಸು ಕರು ಹಾಕಿದರೆ ಹೇಳುವ ಹಾಗೆ, ಮಳೆ ಬಿದ್ದರೆ ಹೇಳುವ ಹಾಗೆ. ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ಬರುವ ನೀರು ಅದು. ಬಂದಾಗ ಯಾರಿಗಾದರೂ ಹೇಳದಿದ್ದರೆ ಬಂದ ಹಾಗೇ ಆಗುವುದಿಲ್ಲ.

ಫೋನಿಟ್ಟ ಮೇಲೆ ಅಲ್ಲಿ ಏನೇನು ನಡೆಯುತ್ತದೆ ಎಂದು ನನಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಮೊದಲು ಬೀದಿಯಲ್ಲಿ ಲೈಟುಗಳು ಒಂದೊಂದಾಗಿ ಹತ್ತುತ್ತವೆ. ನಲ್ಲಿ ಒಂದು ನಿಮಿಷ ಬರೀ ಗಾಳಿ ಉಗುಳುತ್ತದೆ, ಆಮೇಲೆ ಕೆಮ್ಮುತ್ತದೆ, ಆಮೇಲೆ ಟೀ ಬಣ್ಣದ ನೀರು. ಮೊದಲ ನಾಲ್ಕು ಬಿಂದಿಗೆ ಮೋರಿಗೆ. ಅದಾದ ಮೇಲೆ ಎರಡು ಬಿಂದಿಗೆ ತುಳಸಿ ಕಟ್ಟೆಗೆ ಮತ್ತು ಕರಿಬೇವಿನ ಗಿಡಕ್ಕೆ. ನೀರು ಕಣ್ಣಿಗೆ ತಿಳಿಯಾಗಿ ಕಂಡ ಮೇಲೇ ಸಂಪಿನ ಮುಚ್ಚಳ ತೆಗೆಯುವುದು. ಚಿಕ್ಕವಳಿದ್ದಾಗ ಇದನ್ನು ಅಮ್ಮನ ಮಡಿಯ ಒಂದು ಭಾಗ ಅಂದುಕೊಂಡಿದ್ದೆ. ಎಂಟು ದಿನ ಕಾದು ಬಂದ ನೀರನ್ನು ಮೋರಿಗೆ ಚೆಲ್ಲುವುದು ಎಂದರೆ!

ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿ-ಧಾರವಾಡದ ನಲ್ಲಿಗಳ ಬಗ್ಗೆ ನಡೆದ ಒಂದು ಅಧ್ಯಯನ ಓದಿದೆ. ಅಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಮಾತ್ರ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಪಕ್ಕದ ವಾರ್ಡುಗಳಲ್ಲಿ ಯಥಾಪ್ರಕಾರ ಕೆಲವು ದಿನಕ್ಕೊಮ್ಮೆ. ಊರೊಂದೇ, ನೀರೂ ಒಂದೇ, ಶುದ್ಧೀಕರಣವೂ ಒಂದೇ. ಆದರೂ ಬಿಟ್ಟು ಬಿಟ್ಟು ಬರುವ ನಲ್ಲಿಗಳ ನೀರಿನ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದರಲ್ಲಿ ಮಲದಿಂದ ಬರುವ ಈ-ಕೋಲೈ ಬ್ಯಾಕ್ಟೀರಿಯಾ ಸಿಕ್ಕಿತು. ಸದಾ ಬರುವ ನಲ್ಲಿಗಳಲ್ಲಿ ನೂರಕ್ಕೆ ಒಂದರಲ್ಲೂ ಇಲ್ಲ. ಕಾರಣ ಸರಳ. ಪೈಪು ತುಂಬಿ ಒತ್ತಡದಲ್ಲಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಪೈಪು ಖಾಲಿ ಬಿದ್ದಿದ್ದರೆ ಅದೇ ಬಿರುಕಿನಿಂದ ಹೊರಗಿನದು ಒಳಗೆ ಸೋರುತ್ತದೆ. ನೀರಿನ ಪೈಪಿನ ಹೊರಗೆ ಏನಿರುತ್ತದೆ? ನಮ್ಮ ಬೀದಿಯಲ್ಲಂತೂ ಚರಂಡಿ. ಪೈಪು ಚರಂಡಿಯನ್ನು ದಾಟಿಯೇ ಪ್ರತಿ ಮನೆಗೂ ಬರಬೇಕು. ಎಂಟು ದಿನ ಖಾಲಿ ಮಲಗಿದ ಪೈಪು ಹೀರಿದ್ದೆಲ್ಲ ಮೊದಲ ನಾಲ್ಕು ಬಿಂದಿಗೆಯಲ್ಲಿ ಹೊರಗೆ ಬರುತ್ತದೆ. ಅಮ್ಮ ಓದಿದ್ದು ಏಳನೇ ಕ್ಲಾಸು.

ಇಷ್ಟಾದರೂ ಅದು ಕುಡಿಯುವ ನೀರಲ್ಲ. ನಮ್ಮ ಮನೆಯಲ್ಲಿ ನೀರಿಗೂ ಜಾತಿಗಳಿವೆ. ನಲ್ಲಿ ನೀರು ಬಳಸುವುದಕ್ಕೆ. ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ ಹಿಡಿದು ತರುವ 20 ಲೀಟರಿನ ಕ್ಯಾನು ಕುಡಿಯುವುದಕ್ಕೆ. ಬೇಸಿಗೆಯಲ್ಲಿ ಟ್ಯಾಂಕರು, ಅದು ಸಾಲದ್ದಕ್ಕೆ. ನಮ್ಮ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಎಲ್ಲರಿಗೂ ಗೊತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆದ ಬೋರಿನ ನೀರಿಗೆ ಆ ಮಾತು ಹೇಳಿ ಒಪ್ಪಿಸುವುದು ಕಷ್ಟ. ಹಲ್ಲಿನ ಮೇಲೆ ಕಂದು ಗೆರೆ ಇರುವವರನ್ನು ನೋಡಿದರೆ ನಾನು ಈಗಲೂ "ನಿಮ್ಮದು ಯಾವ ತಾಲೂಕು?" ಎಂದು ಕೇಳುತ್ತೇನೆ.

ನೀರು ಬಿಡುವ ಅಣ್ಣನ ಬಗ್ಗೆ ಒಂದು ಮಾತು. ಪುರಸಭೆಯ ಕಡತದಲ್ಲಿ ಅವರ ಹುದ್ದೆಗೆ ಬೇರೇನೋ ಹೆಸರಿರಬಹುದು, ಊರಿಗೆಲ್ಲ ವಾಟರ್‌ಮ್ಯಾನ್. ಸೈಕಲ್ಲಿಗೆ ಕಟ್ಟಿದ ಎದೆಯುದ್ದದ ಕಬ್ಬಿಣದ ತಿರುಗುಕೋಲು, ಸೊಂಟದಲ್ಲಿ ಟಾರ್ಚು. ರಸ್ತೆಯ ನಡುವಿನ ಸಣ್ಣ ಗುಂಡಿಯೊಳಗೆ ಕೋಲಿಳಿಸಿ ಹದಿನಾಲ್ಕು ಸುತ್ತು ತಿರುಗಿಸಿದರೆ ನಮ್ಮ ಬೀದಿ, ಒಂಬತ್ತು ಸುತ್ತಿಗೆ ನಿಲ್ಲಿಸಿದರೆ ನಮ್ಮ ಬೀದಿಯ ಜೊತೆಗೆ ಮಸೀದಿ ಬೀದಿಯೂ. ಈ ಸುತ್ತುಗಳ ಲೆಕ್ಕ ಯಾವ ನಕ್ಷೆಯಲ್ಲೂ ಇಲ್ಲ, ಅವರ ತೋಳಿನಲ್ಲಿದೆ. ಎಲ್ಲಿ ಹಳೆಯ ಬೀಡಿನ ಕಬ್ಬಿಣದ ಪೈಪು ಮುಗಿದು ಪಿವಿಸಿ ಶುರುವಾಗುತ್ತದೆ, ಯಾವ ಮನೆಯವರು ನಲ್ಲಿಗೇ ಮೋಟಾರು ಹಾಕಿ ಎಳೆಯುತ್ತಾರೆ, ಯಾರ ಮನೆಯಲ್ಲಿ ಮದುವೆ ಇದೆ, ಯಾವ ಬೋರಿನ ಮೋಟಾರು ಈ ವಾರ ಸುಟ್ಟಿದೆ, ಎಲ್ಲವೂ ಗೊತ್ತು. "ಅಕ್ಕಾ, ಮೇಲಿನ ಟ್ಯಾಂಕೇ ತುಂಬಿಲ್ಲ, ಕರೆಂಟಿಲ್ದೆ ನಾನೇನ್ ಮಾಡ್ಲಿ" ಎಂದು ಹೆಂಗಸರ ಬೈಗುಳಕ್ಕೆ ದಿನವೂ ತಲೆಯೊಡ್ಡುತ್ತಾರೆ. ಹಿಂದೆ ಕೆರೆಗಳಿಗೆ ನೀರುಗಂಟಿಗಳಿದ್ದರು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನಿರ್ಧರಿಸಿ ತೂಬು ಎತ್ತುತ್ತಿದ್ದರು. ನನ್ನ ಪ್ರಕಾರ ಈ ವಾಟರ್‌ಮ್ಯಾನ್ ಅದೇ ಕುಲದವರು. ಆದರೆ ನೀರುಗಂಟಿಗೆ ಸುಗ್ಗಿಯಲ್ಲಿ ಒಂದು ಪಾಲು ಧಾನ್ಯ ಸಿಗುತ್ತಿತ್ತು. ಇವರದು ಗುತ್ತಿಗೆ ಕೆಲಸ, ಸಂಬಳ ಮೂರು ತಿಂಗಳಿಗೊಮ್ಮೆ.

ಕಳೆದ ವರ್ಷ ಒಂದು ಭಾನುವಾರ ಅಮ್ಮನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ನೀರಿನ ಲೆಕ್ಕ ಹಾಕಿದೆ. ನಲ್ಲಿಗೆ ತಿಂಗಳಿಗೆ 120 ರೂಪಾಯಿ. ತಿಂಗಳಿಗೆ ನಾಲ್ಕು ಸಲ, ಸಲಕ್ಕೆ 2,000 ಲೀಟರಿನಷ್ಟು ಸಂಪು ತುಂಬುತ್ತದೆ ಅಂದುಕೊಂಡರೆ ಲೀಟರಿಗೆ ಒಂದೂವರೆ ಪೈಸೆ. ಟ್ಯಾಂಕರು 5,000 ಲೀಟರಿಗೆ 600 ರೂಪಾಯಿ, ಅಂದರೆ ಲೀಟರಿಗೆ 12 ಪೈಸೆ. ಕ್ಯಾನಿನ ನೀರು ಲೀಟರಿಗೆ 25 ಪೈಸೆ. ಇಷ್ಟು ಬರೆದು ಪೆನ್ನು ಮುಚ್ಚುವವಳಿದ್ದೆ. ಅಮ್ಮ ಅಡುಗೆಮನೆಯಿಂದಲೇ, "ಹಿಂದ್ಲ ಗುಂಡಿ ತೆಗೆಸಿದ್ ದುಡ್ ಬರ್ಕೊಂಡ್ಯಾ?" ಅಂದಳು. ಬರೆದೆ. ಕಕ್ಕಸಿನ ಗುಂಡಿ ಎಳೆಯುವ ಗಾಡಿಗೆ 4,000 ಲೀಟರಿನ ಒಂದು ಲೋಡಿಗೆ 2,400 ರೂಪಾಯಿ. ಲೀಟರಿಗೆ 60 ಪೈಸೆ.

ಮನೆಯೊಳಗೆ ಬರುವ ಯಾವ ನೀರಿಗಿಂತಲೂ ಮನೆಯಿಂದ ಹೊರಗೆ ಹೋಗುವ ನೀರೇ ದುಬಾರಿ ಎಂದು ಅವತ್ತು ಮೊದಲ ಸಲ ಅಂಕಿಯಲ್ಲಿ ಕಂಡೆ. ಅದಕ್ಕೆ ರಸೀತಿ ಇಲ್ಲ, ಬಿಲ್ಲು ಇಲ್ಲ, ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಗಾಡಿಯವನನ್ನು ನಾನು ಕೇಳಿದೆ. ಇಪ್ಪತ್ತೈದರ ಹುಡುಗ. "ದೂರ ಅಕ್ಕಾ, ಊರಾಚೆ" ಅಂದ. ಊರಾಚೆ ಅನ್ನುವುದು ನಮ್ಮ ಭಾಷೆಯಲ್ಲಿ ದೊಡ್ಡ ಜಾಗ. ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ.

ನಮ್ಮ ದೇಶದ ನೀರು ಸರಬರಾಜು ಕೈಪಿಡಿಯಲ್ಲಿ ಒಂದು ಲೆಕ್ಕವಿದೆ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು. ಕೊಳಾಯಿ ಇದ್ದು ಒಳಚರಂಡಿ ಇಲ್ಲದ ಊರಿಗೆ 70 ಲೀಟರ್. ಮೊದಲ ಸಲ ಇದನ್ನು ಓದಿದಾಗ ಸಿಟ್ಟು ಬಂದಿತ್ತು. ಚರಂಡಿ ಇಲ್ಲದ ಊರಿನವರು ಏನು ಪಾಪ ಮಾಡಿದರು, ಅರ್ಧ ನೀರು ಯಾಕೆ? ನಿಧಾನಕ್ಕೆ ಯೋಚಿಸಿದರೆ ಅದನ್ನು ಬರೆದವರು ನಮ್ಮೆಲ್ಲರಿಗಿಂತ ಪ್ರಾಮಾಣಿಕರು ಅನಿಸುತ್ತದೆ. ಕೊಟ್ಟ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳೆಯಾಗಿ ಹೊರಗೆ ಬಂದೇ ಬರುತ್ತದೆ. ಹೊರಗೆ ಹೋಗಲು ದಾರಿ ಮಾಡದೆ ಒಳಗೆ ಬಿಟ್ಟರೆ ಊರು ಕೊಚ್ಚೆಯಾಗುತ್ತದೆ. ನೀರು ಒಂದೇ, ದಾರಿಯೂ ಒಂದೇ ಎನ್ನುವುದು ಆ ಎರಡು ಅಂಕಿಗಳಲ್ಲಿದೆ.

ಯೋಜನೆಗಳಲ್ಲಿ ಮಾತ್ರ ಅವೆರಡು ಬೇರೆ ಬೇರೆ ಕಡತ. 2021ರಲ್ಲಿ ಬಂದ, ಕೇಂದ್ರ ಸರ್ಕಾರದ ನಗರ ಯೋಜನೆಯಾದ ಅಮೃತ್‌ನ ಎರಡನೇ ಹಂತದಲ್ಲಿ ಎಲ್ಲ ಊರುಗಳ ಎಲ್ಲ ಮನೆಗೂ ನಲ್ಲಿ ಎಂದಿದೆ. ಒಳಚರಂಡಿಯ ಮಾತು ಬಂದಾಗ ಮೊದಲಿನ 500 ಅಮೃತ್ ನಗರಗಳು ಮಾತ್ರ. ಲಕ್ಷ ಜನಸಂಖ್ಯೆಗಿಂತ ಸಣ್ಣ ಊರುಗಳ ಬಚ್ಚಲ ನೀರು ಸ್ವಚ್ಛ ಭಾರತದ ಲೆಕ್ಕಕ್ಕೆ ಹೋಯಿತು. ಕಚೇರಿಗಳ ಮುಂದಿನ ಬೋರ್ಡುಗಳಲ್ಲಿ 'ನೀರು ಸರಬರಾಜು ಮತ್ತು ಒಳಚರಂಡಿ' ಎಂದು ಜೋಡಿಯಾಗಿಯೇ ಬರೆದಿರುತ್ತದೆ. ನಮ್ಮೂರಿನಲ್ಲಿ ಕೆಲಸ 'ಮತ್ತು' ತನಕ ಬಂದು ನಿಂತಿದೆ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ಇಲ್ಲೇ ಹಾದು ಹೋಗುತ್ತದೆ, ಆದರೆ ಮರಳಿನ ರೂಪದಲ್ಲೇ ಹೆಚ್ಚು ಕಾಲ ಇರುತ್ತದೆ. ಅದಕ್ಕೇ ಹಿರಿಯರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಇನ್ನೂ ಸೇರಿಕೊಂಡಿದ್ದ ಹಳೆಯ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳು. ಬೇತಮಂಗಲದಲ್ಲಿ ಪಾಲಾರಿಗೆ ಕಟ್ಟಿದ ಹಳೇ ಕೆರೆಯಿಂದಲೇ ಚಿನ್ನದ ಗಣಿಯ ಬ್ರಿಟಿಷ್ ಕಂಪನಿಯವರು ಕೆಜಿಎಫ್‌ಗೆ ನೀರು ಪಂಪು ಮಾಡಿದ್ದು. ಭೂಮಿಯೊಳಗೆ ಮೈಲುಗಟ್ಟಲೆ ಇಳಿದವರಿಗೂ ಕುಡಿಯುವ ನೀರು ಮೇಲಿನ ಕೆರೆಯಿಂದಲೇ ಬರಬೇಕಿತ್ತು. ಆಮೇಲೆ ಬೋರುಗಳು ಬಂದವು, ಕೆರೆಗಳು ಲೇಔಟುಗಳಿಗೂ ಬಸ್ ಸ್ಟ್ಯಾಂಡುಗಳಿಗೂ ಜಾಗವಾದವು. ಈಚೆಗೆ ಮಾರ್ಕಂಡೇಯ ನದಿಗೆ ಯರಗೋಳ್ ಅಣೆಕಟ್ಟು ಕಟ್ಟಿ, 2023ರ ನವೆಂಬರಿನಲ್ಲಿ ಕೋಲಾರ, ಮಾಲೂರು, ಬಂಗಾರಪೇಟೆಗಳಿಗೂ ದಾರಿಯ ಹಳ್ಳಿಗಳಿಗೂ ನೀರು ಬಿಟ್ಟಿದ್ದಾರೆ. ನಮ್ಮೂರು ಆ ಪಟ್ಟಿಯಲ್ಲಿಲ್ಲ.

ನಮಗೆ ಬಂದಿದ್ದು ಬೇರೆ ನೀರು.

ಬೆಂಗಳೂರಿನಲ್ಲಿ ನನ್ನ ಬಾಡಿಗೆ ಮನೆ ಇರುವುದು ಕೋರಮಂಗಲದ ಕಡೆಯ ಇಳಿಜಾರಿನಲ್ಲಿ. ಬೆಳಿಗ್ಗೆ ನಾನು ಮುಖ ತೊಳೆಯುವ ನೀರು ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪಾಗಿ, ನೂರು ಕಿಲೋಮೀಟರಿನಷ್ಟು ದೂರ ಬೆಟ್ಟ ಹತ್ತಿ ಬಂದ ಕಾವೇರಿ. ಮುಖ ತೊಳೆದ ಮೇಲೆ ಅದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಅಲ್ಲಿ ಕೊಳಚೆ ಸಂಸ್ಕರಣಾ ಘಟಕಗಳಲ್ಲಿ ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು, ಮತ್ತೆ ಪಂಪಾಗಿ, ದೊಡ್ಡ ಪೈಪಿನಲ್ಲಿ ಕೋಲಾರ ಜಿಲ್ಲೆಗೆ ಬರುತ್ತದೆ. ಕೆ.ಸಿ. ವ್ಯಾಲಿ ಎಂದರೆ ನಮ್ಮ ಜಿಲ್ಲೆಯಲ್ಲಿ ಎಳೆಮಕ್ಕಳಿಗೂ ಗೊತ್ತು. ದಿನಕ್ಕೆ 440 ದಶಲಕ್ಷ ಲೀಟರು, 126 ಕೆರೆಗಳು ಎನ್ನುವುದು ಯೋಜನೆ. 2018ರ ಜೂನಿನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ಅಲ್ಲಿಂದ ಮುಂದೆ ಪೈಪು ಕಡಿಮೆ, ಹಳಬರ ಜಾಣತನ ಹೆಚ್ಚು: ಒಂದು ಕೆರೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿ ಮುಂದಿನದಕ್ಕೆ.

ಹಾಗೆ ನೋಡಿದರೆ ನಾನು ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ, ನನ್ನ ಬಚ್ಚಲ ನೀರು ಪೈಪಿನಲ್ಲಿ ಊರಿಗೆ ಹೋಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿಗೆ ಕಳಿಸಬಹುದಾದ ಉಡುಗೊರೆಗಳಲ್ಲಿ ಇದು ಅತಿ ವಿಚಿತ್ರದ್ದು. ಕಾವೇರಿ ನಮ್ಮ ಜಿಲ್ಲೆಗೆ ಬರಲೇ ಇಲ್ಲ ಎನ್ನುವಂತಿಲ್ಲ. ಬಂದಳು, ಬಚ್ಚಲ ದಾರಿಯಲ್ಲಿ ಬಂದಳು.

ಶುರುವಿನಲ್ಲೇ ಕೆರೆಯಲ್ಲಿ ನೊರೆ ಎದ್ದಿತು. ಜುಲೈನಲ್ಲಿ ಹೈಕೋರ್ಟು ತಡೆದು, ಮತ್ತೆ ಬಿಟ್ಟು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆದು, ಏಪ್ರಿಲಿನಲ್ಲಿ ಬಿಟ್ಟಿತು. ಆ ದಿನಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಬೇರೆ ಮಾತೇ ಇರಲಿಲ್ಲ. "ಬೆಂಗಳೂರೋರ್ ಉಚ್ಚೆ ನಮ್ ಕೆರೇಗೆ" ಎಂದು ಎದುರುಮನೆಯ ಮಾವ ಶುರುಮಾಡಿದರೆ ಅವರ ತಮ್ಮ, "ಏನಾದ್ರೂ ಬರ್ಲಿ ಬಿಡಣ್ಣ, ಬೋರಲ್ಲಿ ನೀರ್ ಬಂದ್ರೆ ಸಾಕು" ಎನ್ನುತ್ತಿದ್ದ. ಇಬ್ಬರ ಮಾತಿಗೂ ಅರ್ಥವಿತ್ತು, ಈಗಲೂ ಇದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದೇ. ಕೊಟ್ಟವರು ಮೂರನೇ ಸಲ ತೊಳೆದುಕೊಡಲಿ, ಅವರಿಗೇನು ಕೈ ಇಲ್ಲವೇ? ಆದರೆ ಒಣಗಿ ಜಾಲಿ ಬೆಳೆದಿದ್ದ ಕೆರೆಯಂಗಳದಲ್ಲಿ ನೀರು ನಿಂತಿದ್ದು, ಬತ್ತಿದ ಬೋರುಗಳು ಮತ್ತೆ ಕುಡಿಕೆ ಕುಡಿಕೆಯಾಗಿ ನೀರೆತ್ತಿದ್ದು ಕೂಡ ನಿಜ. ನನ್ನನ್ನು ಕೇಳಿದರೆ ನಾನು ಎರಡೂ ಕಡೆಯವಳು, ಅಕ್ಷರಶಃ.

2021ರ ನವೆಂಬರಿನಲ್ಲಿ ಮಳೆಯೂ ಸೇರಿಕೊಂಡಿತು. ಹುಟ್ಟಿದಾಗಿನಿಂದ ಕೋಡಿ ಹರಿದದ್ದು ನೋಡದ ಹುಡುಗರು ಬೈಕು ಹತ್ತಿ ಒಂದೊಂದು ಕೆರೆಗೂ ಹೋಗಿ ವಿಡಿಯೊ ಮಾಡಿದರು. ನಮ್ಮೂರ ಕೆರೆಗೆ ಹೆಂಗಸರು ಅರಿಶಿನ ಕುಂಕುಮ ಹಾಕಿ ಬಾಗಿನ ಕೊಟ್ಟು ಬಂದರು. ಅಮ್ಮನೂ ಹೋಗಿದ್ದಳು. ಮನೆಗೆ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಕಕ್ಕಸಿನ ಕಮೋಡು ಬಾಯಿ ತನಕ ತುಂಬಿ ನಿಂತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಜ್ಜಿಯ ಕಾಲದಲ್ಲಿ ನಮ್ಮ ಹಿತ್ತಲಿನ ಕಕ್ಕಸಿಗೆ ಎರಡು ಬಾಗಿಲು. ಒಂದು ನಮಗೆ. ಇನ್ನೊಂದು ಓಣಿಯ ಕಡೆಗೆ, ಮೊಣಕಾಲೆತ್ತರದ್ದು. ಆ ಕಡೆಯಿಂದ ಬಂದು ತೆಗೆದುಕೊಂಡು ಹೋಗುತ್ತಿದ್ದವರ ಮುಖವನ್ನು ಮನೆಯವರು ನೋಡದೆ ಇರುವ ಹಾಗೆ ಆ ಬಾಗಿಲನ್ನು ಕಟ್ಟಿದ್ದರು. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮೇಲೆ ಆ ಬಾಗಿಲಿಗೆ ಇಟ್ಟಿಗೆ ಬಿತ್ತು. ಆದರೆ ಹಳೆಯದು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತಾಗ ರಾಜ್ಯವೇ ತಲೆ ತಗ್ಗಿಸಿತು. ನಮ್ಮ ಮನೆಯ ಇಟ್ಟಿಗೆ ಮುಚ್ಚಿದ ಬಾಗಿಲಿನ ಗುರುತು ಈಗಲೂ ಗೋಡೆಯಲ್ಲಿದೆ. ಬಣ್ಣ ಎಷ್ಟು ಸಲ ಬಳಿದರೂ ಅಲ್ಲಿ ಗೀಟು ಕಾಣುತ್ತದೆ.

ಅದಾದ ಮೇಲೆ 1996ರಲ್ಲಿ ಅಪ್ಪ ಗುಂಡಿ ತೋಡಿಸಿದರು. ಹದಿನೈದು ಅಡಿ ಆಳ, ಸುತ್ತ ಗಾರೆಯಿಲ್ಲದೆ ಜೋಡಿಸಿದ ಕಾಡುಗಲ್ಲು, ತಳಕ್ಕೆ ಏನೂ ಇಲ್ಲ. ಮೇಸ್ತ್ರಿ, "ನಿಮ್ ಮೊಮ್ಮಕ್ಳ್ ಕಾಲ್ಕೂ ಇದು ತುಂಬಲ್ಲ ಸ್ವಾಮಿ" ಎಂದಿದ್ದನಂತೆ. ನಾವೆಲ್ಲ ಅದನ್ನು ಸೆಪ್ಟಿಕ್ ಟ್ಯಾಂಕು ಎಂದು ಕರೆಯುತ್ತಿದ್ದೆವು. ಅದು ಸೆಪ್ಟಿಕ್ ಟ್ಯಾಂಕಲ್ಲ. ಸೆಪ್ಟಿಕ್ ಟ್ಯಾಂಕಿಗೆ ತಳ, ಗೋಡೆ, ನಡುವೆ ಅಡ್ಡಗೋಡೆ ಇರುತ್ತದೆ, ಎರಡು-ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕಾಗುತ್ತದೆ. ನಮ್ಮದು ನೆಲಕ್ಕೆ ಹೊಡೆದ ತೂತು. ಇಪ್ಪತ್ತೈದು ವರ್ಷ ಅದು ತುಂಬದೇ ಇದ್ದದ್ದನ್ನು ನಾವು ಮೇಸ್ತ್ರಿಯ ಕೈಗುಣ ಎಂದುಕೊಂಡಿದ್ದೆವು. ಕೆಳಗಿನ ನೆಲ ಬಾಯಾರಿ ಕೂತಿತ್ತು, ಕೊಟ್ಟಿದ್ದೆಲ್ಲ ಕುಡಿಯಿತು ಅಷ್ಟೇ. ಮೂರು ಬೀದಿಯಾಚೆ ಪುರಸಭೆಯ ಬೋರು. ಅದರ ನೀರನ್ನು ಒಮ್ಮೆ ಪರೀಕ್ಷೆಗೆ ಕೊಟ್ಟಿದ್ದೆ. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮಿನ ಮಿತಿ ದಾಟಿತ್ತು. ಗೊಬ್ಬರದ್ದಿರಬಹುದು ಎಂದರು ಲ್ಯಾಬಿನವರು. ಇರಬಹುದು. ನಮ್ಮ ಬೀದಿಯ ಐವತ್ತು ಗುಂಡಿಗಳದ್ದೂ ಇರಬಹುದು.

ನಮ್ಮ ಬೀದಿ ಕೆರೆ ಏರಿಯ ಕೆಳಗಿದೆ. ಕೆರೆ ತುಂಬಿದರೆ ಇಲ್ಲಿಯ ನೆಲ ಒಸರುತ್ತದೆ. ಹಳೇ ಕಾಲದವರಿಗೆ ಅದು ಗೊತ್ತಿತ್ತು, ನಾವು ಕೆರೆ ತುಂಬಿದ್ದನ್ನೇ ನೋಡದೆ ಬೆಳೆದವರು. ಹಾಗಾಗಿ ಆ ನವೆಂಬರಿನಲ್ಲಿ ಅಂತರ್ಜಲ ಮೇಲೆ ಬಂದಿದೆ ಎಂಬ ಸಂತೋಷದ ಸುದ್ದಿ ನಮ್ಮ ಬೀದಿಗೆ ಮೊದಲು ತಲುಪಿದ್ದು ಕಕ್ಕಸಿನ ಮೂಲಕ. ನೆಲ ಇನ್ನು ಕುಡಿಯಲಾರೆ ಎಂದಿತು. ಹಿತ್ತಲು ಹಿತ್ತಲಿನಲ್ಲಿ ಗುಂಡಿಗಳು ಉಕ್ಕಿದವು. ಗುಂಡಿ ಎಳೆಯುವ ಗಾಡಿಗೆ ಒಂದು ವಾರದ ಸರದಿ. ಅಮ್ಮ ಪಕ್ಕದ ಬೀದಿಯ ನಾದಿನಿಯ ಮನೆಗೆ ಹೋಗಿ ಬರುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು ರಾತ್ರಿ ಟಾರ್ಚು ಹಿಡಿದು ಇನ್ನೊಬ್ಬರ ಬಾಗಿಲು ತಟ್ಟುವುದು ಎಂದರೇನೆಂದು ಅವಳು ನನಗೆ ಹೇಳಲಿಲ್ಲ. ನಾದಿನಿ ಹೇಳಿದರು.

ಆಗಲೇ ನಾನು ನಮ್ಮೂರ ಚರಂಡಿಯ ಹಿಂದೆ ನಡೆದುಕೊಂಡು ಹೋಗಿದ್ದು. ನೀರು ಬರುವ ದಾರಿ ಚಿಕ್ಕಂದಿನಿಂದ ಗೊತ್ತು: ಬೋರು, ಮೇಲಿನ ಟ್ಯಾಂಕು, ವಾಲ್ವು, ನಲ್ಲಿ. ಹೋಗುವ ದಾರಿ ನಲವತ್ತಾರು ವರ್ಷಕ್ಕೆ ಮೊದಲ ಸಲ. ನಮ್ಮ ಬಚ್ಚಲ ಮೋರಿ ಓಣಿಯ ಚರಂಡಿಗೆ, ಅದು ಸಂತೆ ಮೈದಾನದ ಪಕ್ಕದ ದೊಡ್ಡ ಕಾಲುವೆಗೆ. ಅಲ್ಲಿ ಕೋಳಿ ಅಂಗಡಿಗಳದ್ದು ಸೇರಿ ಬಣ್ಣ ಬದಲಾಗುತ್ತದೆ. ಮುಂದೆ ಹೈಸ್ಕೂಲ್ ಕಾಂಪೌಂಡಿನ ಬದಿ. ಆಮೇಲೆ ಕಾಲುವೆಗೆ ಗೋಡೆ ಇಲ್ಲ, ಹುಲ್ಲು, ಎಮ್ಮೆಗಳು, ಕೆಸವಿನ ಎಲೆಗಳು ಛತ್ರಿಯಷ್ಟು ದೊಡ್ಡವು. ಒಬ್ಬ ರೈತ ಅದೇ ಕಾಲುವೆಗೆ ಪಂಪು ಇಟ್ಟು ಕೊತ್ತಂಬರಿ ಸೊಪ್ಪಿಗೆ ನೀರು ಹಾಯಿಸುತ್ತಿದ್ದ. ಆ ಸೊಪ್ಪು ಬೆಳಿಗ್ಗೆ ನಮ್ಮ ಸಂತೆಗೇ ಬರುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳ್ಳೆಯ ಘಮ ಇರುತ್ತದೆ. ಎರಡು ಕಿಲೋಮೀಟರು ನಡೆದ ಮೇಲೆ ಕೆಳಗಿನ ಹಳ್ಳಿಯ ಕೆರೆ. ನೀರಿನ ಮೇಲೆ ಅಂತರಗಂಗೆಯ ಹಸಿರು ಚಾಪೆ. ಏರಿಯ ಮೇಲೆ ಒಂದು ಲಾರಿ ತಿರುಗುವಷ್ಟು ಜಾಗ ತುಳಿದು ಗಟ್ಟಿಯಾಗಿತ್ತು, ಅಲ್ಲಿಂದ ಕೆಳಗೆ ಇಳಿಜಾರಿನಲ್ಲಿ ಕಪ್ಪು ಗೀರು. ಗುಂಡಿ ಎಳೆಯುವ ಹುಡುಗನ ಊರಾಚೆ ಇದೇ ಇರಬೇಕು.

ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದ ತಾತ ನನ್ನನ್ನು ಯಾರ ಮನೆಯವಳೆಂದು ವಿಚಾರಿಸಿದ. ಹೇಳಿದೆ. "ಓ, ಪ್ಯಾಟೇವ್ರಾ" ಎಂದ. ಆಮೇಲೆ ಕೆರೆಯ ಕಡೆ ಕೈ ತೋರಿಸಿ, ಬೈಯುವ ದನಿಯಲ್ಲೇನೂ ಅಲ್ಲ, ಪರಿಚಯ ಮಾಡಿಕೊಡುವವನ ಹಾಗೆ, "ನಿಮ್ದೇಯ" ಎಂದ.

ಬೆಂಗಳೂರಿನವರದು ನಮ್ಮ ಕೆರೆಗೆ ಎಂದು ಜಗಲಿಯಲ್ಲಿ ಕೂತು ಸಿಟ್ಟು ಮಾಡುವ ನಾವು ಆ ತಾತನ ಪಾಲಿಗೆ ಬೆಂಗಳೂರಿನವರು. ಅದಕ್ಕಿಂತ ಒಂದು ಕೈ ಮೇಲು. ಬೆಂಗಳೂರಿನದು ಎರಡು ಸಲ ತೊಳೆದು ಬರುತ್ತದೆ, ಅಳೆದು ಬರುತ್ತದೆ, ಕೋರ್ಟಿನಲ್ಲಿ ಅದರ ಮೇಲೆ ವಾದ ನಡೆಯುತ್ತದೆ. ನಮ್ಮದು ತೊಳೆಯದೆ, ಅಳೆಯದೆ ಹೋಗುತ್ತದೆ. ಯಾರೂ ತಡೆಯಾಜ್ಞೆ ತರುವುದಿಲ್ಲ.

ದೇವನಹಳ್ಳಿಗೆ ಹೋಗಿ ನೋಡಿದ್ದು ಇದರ ಮುಂದಿನ ವರ್ಷ. ವಿಮಾನ ನಿಲ್ದಾಣದ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೆ, ಅಲ್ಲಿ ಹೀಗೊಂದು ಜಾಗ ಇದೆಯೆಂದು ಗೊತ್ತಿರಲಿಲ್ಲ. ಒಳಚರಂಡಿ ಇಲ್ಲದ, 2011ರ ಗಣತಿಯಲ್ಲಿ 28,000 ಜನರಿದ್ದ ಆ ಊರಿನಲ್ಲಿ 2015ರಲ್ಲಿ ಗುಂಡಿಯ ಹೂಳಿಗೆಂದೇ ಒಂದು ಘಟಕ ಕಟ್ಟಿದರು. ದೇಶದಲ್ಲೇ ಒಂದಿಡೀ ಊರಿಗೆಂದು ಮಾಡಿದ ಮೊದಲನೆಯದು. ದಿನಕ್ಕೆ 6,000 ಲೀಟರು, ಅಂದರೆ ಹೆಚ್ಚೆಂದರೆ ಎರಡು ಗಾಡಿ. ನಾನು ದೊಡ್ಡ ಯಂತ್ರಗಳನ್ನು ಊಹಿಸಿಕೊಂಡು ಹೋಗಿದ್ದೆ. ಇಳಿಜಾರಿನಲ್ಲಿ ಕಟ್ಟಿದ ಕೆಲವು ತೊಟ್ಟಿಗಳು, ಅಷ್ಟೇ. ಗಾಡಿ ಮೇಲುಗಡೆ ಬಂದು ಸುರಿಯುತ್ತದೆ, ಗಟ್ಟಿಯದು ಕೆಳಗೆ ಕೂರುತ್ತದೆ, ಮುಚ್ಚಿದ ತೊಟ್ಟಿಯಲ್ಲಿ ಕೊಳೆಯುತ್ತದೆ, ಆಮೇಲೆ ಮರಳು-ಜಲ್ಲಿ ಹಾಸಿದ ಕಟ್ಟೆಗಳ ಮೇಲೆ ಬಿಸಿಲಿಗೆ ಒಣಗುತ್ತದೆ. ಬಸಿದ ನೀರು ಬೇರೆ ತೊಟ್ಟಿಗಳಲ್ಲಿ ಶುದ್ಧವಾಗುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ಇಳಿಜಾರೇ ಸಾಗಿಸುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಕೈಗೆ ತೆಗೆದುಕೊಂಡು ನೋಡಿದೆ. ಮಳೆ ಬಿದ್ದ ಮಣ್ಣಿನ ವಾಸನೆ ಎಂದು ಬರೆದರೆ ನೀವು ನಂಬುವುದಿಲ್ಲ, ಹಾಗಾಗಿ ಯಾವ ವಾಸನೆಯೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇದನ್ನೆಲ್ಲ ನಮ್ಮೂರ ಪುರಸಭೆಯಲ್ಲಿ ಹೋಗಿ ಹೇಳಿದೆ. ಮರ್ಯಾದೆಯಿಂದಲೇ ಕೂರಿಸಿ ಟೀ ಕೊಟ್ಟು ಕೇಳಿಸಿಕೊಂಡರು. "ಮೇಡಂ, ನಮ್ಗೆ ಯುಜಿಡಿ ಬಂದಾಯ್ತಲ್ಲ" ಎಂದರು.

ಯುಜಿಡಿ ಎಂದರೆ ಒಳಚರಂಡಿ. ಬಂದಿದೆ, ನಿಜ. ಊರಿನ ಅರ್ಧಕ್ಕೆ ರಸ್ತೆ ಅಗೆದು ಪೈಪು ಹಾಕಿದ್ದಾರೆ, ಮೂವತ್ತು ಅಡಿಗೊಂದು ಚೇಂಬರು, ಮೇಲೆ ದುಂಡನೆ ಮುಚ್ಚಳ. ನಮ್ಮ ಬೀದಿಯ ಐವತ್ತು ಮನೆಗಳಲ್ಲಿ ಅದಕ್ಕೆ ಸೇರಿಸಿಕೊಂಡವರು ಎಂಟು. ಉಳಿದವರು ಯಾಕೆ ಸೇರಿಸಿಲ್ಲ ಎಂದು ಕೇಳಿದರೆ ಜನರಿಗೆ ಜವಾಬ್ದಾರಿ ಇಲ್ಲ ಎನ್ನುತ್ತಾರೆ ಕಚೇರಿಯವರು. ಒಂದು ಸಲ ಯಾವುದಾದರೂ ಹಳೇ ಮನೆಯೊಳಗೆ ಬಂದು ನೋಡಬೇಕು ಅವರು. ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲು, ಕಕ್ಕಸು ಎಲ್ಲ ಹಿತ್ತಲಿನಲ್ಲಿ. ಮನೆಗೂ ಮನೆಗೂ ನಡುವೆ ಸಂದಿಲ್ಲ, ಗೋಡೆಗೆ ಗೋಡೆ. ಯುಜಿಡಿ ಇರುವುದು ಮುಂದಿನ ರಸ್ತೆಯಲ್ಲಿ. ಸೇರಿಸಬೇಕೆಂದರೆ ಹಿತ್ತಲಿನಿಂದ ಪೈಪು ಅಡುಗೆಮನೆ, ನಡುಮನೆ, ಜಗಲಿ ಎಲ್ಲ ಸೀಳಿಕೊಂಡು ನೆಲದಡಿಯಲ್ಲಿ ಬರಬೇಕು. ಅಮ್ಮ ವರ್ಷಗಟ್ಟಲೆ ಒಪ್ಪಿರಲಿಲ್ಲ. "ದೇವ್ರ್ ಮನೆ ಪಕ್ಕದಾಗೆ ಕಕ್ಕಸ್ ಪೈಪಾ?" ಮೂವತ್ತು ಸಾವಿರ ಖರ್ಚು ಬೇರೆ. ಹಿಂದಿನ ಓಣಿಯಲ್ಲಿ, ಆ ಮೊಣಕಾಲೆತ್ತರದ ಬಾಗಿಲಿದ್ದ ಕಡೆ, ಪೈಪು ಹಾಕಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಅಜ್ಜಿಯ ಕಾಲದವರಿಗೆ ಗೊತ್ತಿದ್ದ ದಾರಿ ನಕ್ಷೆ ಬರೆದವರಿಗೆ ಹೊಳೆಯಲಿಲ್ಲ. ಓಣಿ ಕಿರಿದು, ಯಂತ್ರ ಹೋಗುವುದಿಲ್ಲ ಎಂಬುದು ಉತ್ತರ.

ಗುಂಡಿ ಎಳೆಯುವ ಹುಡುಗನೇ ಕೊನೆಗೆ ಅಮ್ಮನ ಮನಸ್ಸು ಬದಲಿಸಿದ. ಈ ಬೇಸಿಗೆಯಲ್ಲಿ ಮತ್ತೆ ಅವನನ್ನು ಕರೆಸಿದ್ದಳು. ತಳದಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿದ್ದು ಪೈಪಿಗೆ ಬರುತ್ತಿಲ್ಲ ಎಂದು ಅವನು ಅಂಗಿ ಬಿಚ್ಚಿ, ಗುಂಡಿಯ ಕಲ್ಲಿಗೆ ಕಾಲು ಕೊಟ್ಟು ಇಳಿಯಲು ಹೋದ. 2013ರ ಕಾನೂನಿನ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಯಾರನ್ನಾದರೂ ಇಳಿಸುವುದು ಅಪರಾಧ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ಅವಳು ಅವನ ರಟ್ಟೆ ಹಿಡಿದು ಎಳೆದು, "ನಿಮ್ಮಮ್ಮ ಎಲ್ಲವ್ಳಪ್ಪಾ?" ಎಂದು ಕೇಳಿದಳಂತೆ. ಅವನಿಗೆ ಊಟ ಹಾಕಿ, ಪೂರ್ತಿ ದುಡ್ಡು ಕೊಟ್ಟು, ಅರ್ಧ ಗುಂಡಿ ಹಾಗೇ ಬಿಟ್ಟು ಕಳಿಸಿದಳು. ಸಾಯಂಕಾಲ ನನಗೆ ಫೋನು: "ಆ ಮೇಸ್ತ್ರೀನ ಕರೆಸು. ದೇವ್ರ್ ಮನೆ ಪಕ್ಕ ಹೋದ್ರೆ ಹೋಗ್ಲಿ."

ಹೋದ ಶನಿವಾರ ಮೇಸ್ತ್ರಿ ಬಂದ. ಗುಂಡಿ ತೋಡಿದವನ ಮಗ ಇವನು. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ರಸ್ತೆಯ ಚೇಂಬರಿನ ಹತ್ತಿರ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿತ್ತಲಿಗೆ ಹೋದ. ಮಟ್ಟ ನೋಡುವ ಈ ಹಳೇ ವಿದ್ಯೆ ನನಗೆ ಇಷ್ಟ. ನೀರು ಸುಳ್ಳು ಹೇಳುವುದಿಲ್ಲ. ಅವನು ಎರಡು ಸಲ ನೋಡಿದ, ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಹಾಕಿದ, ತಲೆ ಕೆರೆದುಕೊಂಡ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕಿ ಹಾಕಿ ಎತ್ತರ ಮಾಡಿದ್ದಾರೆ. ಹಿತ್ತಲು ಮೊದಲೇ ಇಳಿಜಾರು. ಚೇಂಬರಿನೊಳಗಿನ ಪೈಪು ನಮ್ಮ ಕಕ್ಕಸಿನ ನೆಲಕ್ಕಿಂತ ಒಂದು ಗೇಣು ಮೇಲಿದೆ.

"ತಾನಾಗೇ ಹರಿಯಲ್ಲಮ್ಮ ಇದು" ಎಂದ ಮೇಸ್ತ್ರಿ. "ಹಿತ್ಲಲ್ಲಿ ಒಂದ್ ತೊಟ್ಟಿ ಕಟ್ಟಿ, ಅದ್ರೊಳ್ಗೆ ಮೋಟ್ರು ಇಳ್ಸಿ, ಎತ್ತಿ ಬಿಡ್ಬೇಕು."

ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸಂಪಿನ ಕಡೆ ಒಮ್ಮೆ ನೋಡಿದಳು, ಹಿತ್ತಲಿನ ಕಡೆ ಒಮ್ಮೆ ನೋಡಿದಳು.

"ಬರೋ ನೀರ್ಗೂ ಮೋಟ್ರು, ಹೋಗೋ ನೀರ್ಗೂ ಮೋಟ್ರಾ? ಕರೆಂಟ್ ಹೋದ್ರೇನಪ್ಪಾ ಮಾಡ್ಲಿ?"

ಮೇಸ್ತ್ರಿ ಟ್ಯೂಬಿನ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಟ್ಯೂಬು ಸುತ್ತಿ ಹೆಗಲಿಗೆ ಹಾಕಿಕೊಂಡ. ಸೋಮವಾರ ಬಂದು ಅಂದಾಜು ಹೇಳುತ್ತೇನೆ ಎಂದು ಹೋಗಿದ್ದಾನೆ. ಗುಂಡಿ ಅರ್ಧ ತುಂಬಿದೆ. ನೀರು ಬಂದು ಇವತ್ತಿಗೆ ಒಂಬತ್ತು ದಿನ.